ಓಡುವ ಅಳಿಯ, ಹಿಂದೆ ಬರುವ ಗಾಡಿ

ನಮ್ಮ ಕಡೆ ನಲವತ್ತಾರು ವಯಸ್ಸಿನ ಗಂಡಸು ರಸ್ತೆಯಲ್ಲಿ ಓಡುತ್ತಿದ್ದಾನೆಂದರೆ ಒಂದೋ ಬಸ್ಸು ಹೊರಟಿದೆ, ಇಲ್ಲವೇ ಎಮ್ಮೆ ಹಗ್ಗ ಹರಿದುಕೊಂಡಿದೆ. ಮೂರನೆಯ ಕಾರಣವನ್ನು ಯಾರೂ ಒಪ್ಪುವುದಿಲ್ಲ. ನಾನು ನವಲಗುಂದದ ಒಂದು ವಿಮಾ ಕಚೇರಿಯಲ್ಲಿ ಇಪ್ಪತ್ತು ವರ್ಷ ಕುಳಿತೇ ಕೆಲಸ ಮಾಡಿದವನು. ಡಾಕ್ಟರು ನಡೆಯಲು ಹೇಳಿದರು. ನಾನು ಓಡಿದೆ. ಅವರು ಹೇಳಿದಷ್ಟನ್ನೇ ಮಾಡಿದ್ದರೆ ಮುಂದೆ ಬರೆದಿರುವ ಯಾವುದೂ ನಡೆಯುತ್ತಿರಲಿಲ್ಲ. ಈಗ ರವಿವಾರಕ್ಕೊಂದರಂತೆ ನಡೆಯುತ್ತಲೇ ಇರುತ್ತವೆ. ಹಬ್ಬ ಕೂಡಿ ಬಂದ ವಾರ ಎರಡು.

ಹಾರದ ಪ್ರಸಂಗ

ಹೋದ ವರ್ಷ ಹುಬ್ಬಳ್ಳಿಯಲ್ಲಿ ಇಪ್ಪತ್ತೊಂದು ಕಿಲೋಮೀಟರಿನ ಓಟಕ್ಕೆ ಹೆಸರು ಕೊಟ್ಟೆ. ಇಂಥ ಓಟಗಳಲ್ಲಿ ಎಲ್ಲರ ಹಿಂದೆ ಒಂದು ಗಾಡಿ ನಿಧಾನವಾಗಿ ಬರುತ್ತಿರುತ್ತದೆ. ಅದು ನಿಮ್ಮನ್ನು ಹಿಂದೆ ಹಾಕಿತೆಂದರೆ ನಿಮ್ಮ ಓಟ ಮುಗಿಯಿತು. ಸುಮ್ಮನೆ ಹತ್ತಿ ಕೂರಬೇಕು. ಆ ಗಾಡಿ ಓಟದ ಕೊನೆಯ ಗೆರೆ ಮುಟ್ಟಿದ ಕೂಡಲೇ ಅಲ್ಲಿ ಗಾಳಿ ತುಂಬಿ ನಿಲ್ಲಿಸಿದ ಕಮಾನಿನ ಗಾಳಿ ಬಿಡುತ್ತಾರೆ. ನಿಯಮ ಇಷ್ಟೇ.

ಹದಿನಾಲ್ಕನೆಯ ಕಿಲೋಮೀಟರಿನಲ್ಲಿ ನಾನು ಹತ್ತಿ ಕೂತೆ.

ಕಮಾನಿನ ಹತ್ತಿರ ನನ್ನ ಹೆಂಡತಿ, ಮಗಳು ಮತ್ತು ಶಲವಡಿಯಿಂದ ಬಂದ ಮಾವ ಕಾಯುತ್ತಿದ್ದರು. ಮಾವ ಗುಲಾಬಿ ಹಾರ ತಂದಿದ್ದರು. ಅವರು ಬೆಳಗಿನಿಂದ ನೋಡಿದ್ದು ಬೆವರು ಸುರಿಸಿಕೊಂಡು, ಕುಂಟಿಕೊಂಡು ಬರುವವರನ್ನೇ. ಗಾಡಿಯಲ್ಲಿ ಕೂತು ಬಂದವನು ನಾನೊಬ್ಬನೇ. ಅವರಿಗೆ ಸಂಶಯವೇ ಉಳಿಯಲಿಲ್ಲ.

"ಉಳಿದವರನ್ನೆಲ್ಲ ನಡಸ್ಕೊಂತ ತಂದಾರ. ನಮ್ಮ ಅಳಿಯಾರಿಗೆ ಅಷ್ಟ ಗಾಡಿ ಕೊಟ್ಟು ಕಳಿಸ್ಯಾರ!" ಎಂದು ಸುತ್ತಲಿನವರಿಗೆ ಕೇಳುವಂತೆ ಹೇಳಿ ಹಾರ ಹಾಕಿಯೇಬಿಟ್ಟರು. ಚಾಲಕ ಏನೋ ಹೇಳಲು ಬಾಯಿ ತೆರೆದ. ಮಾವ ಅವನ ಬಾಯಿಗೊಂದು ಪೇಡೆ ಇಟ್ಟರು.

ಹೆಂಡತಿಗೆ ಎಲ್ಲವೂ ಗೊತ್ತಾಗಿತ್ತು. ಮನೆಗೆ ಬಂದು ಬೂಟು ಬಿಚ್ಚುವಾಗ ಹೇಳಿದಳು: "ಹಾರ ಅಗದಿ ಒಪ್ಪಿತ್ರಿ ನಿಮಗ."

ಆ ಒಂದು ಮಾತಿಗಾಗಿ ನಾನು ಈ ವರ್ಷ ಮತ್ತೆ ಹೆಸರು ಕೊಟ್ಟೆ. ಗೆಲ್ಲುವುದು ಬೇಡ, ಆ ಗಾಡಿಗಿಂತ ಮುಂದೆ, ನನ್ನ ಕಾಲಮೇಲೆ, ಕಮಾನು ದಾಟಿದರೆ ಸಾಕು.

ಒಂದು ಮೊಳೆ, ಎರಡು ಪಟ್ಟಿ

ಹದಿನಾರು ವಾರಗಳ ತಯಾರಿಯ ಪಟ್ಟಿಯೊಂದನ್ನು ಮುದ್ರಿಸಿ ತಂದು ಅಡುಗೆಮನೆಯ ಗೋಡೆಗೆ ತೂಗುಹಾಕಿದೆ. ಆ ಗೋಡೆಗೆ ಒಂದೇ ಮೊಳೆ. ಎರಡನೆಯದನ್ನು ಹೊಡೆದರೆ ಗೋಡೆಯೇ ಕೈಗೆ ಬರುತ್ತದೆ. ಅದೇ ಮೊಳೆಗೆ ನನ್ನ ಪಟ್ಟಿಯ ಮೇಲೆ ಹೆಂಡತಿ ಕ್ಯಾಲೆಂಡರ್ ಹಾಕಿದಳು. ಹಾಗಾಗಿ ಇವತ್ತು ಎಷ್ಟು ಓಡಬೇಕೆಂದು ತಿಳಿಯಲು ನಾನು ಪ್ರತಿದಿನ ಇಡೀ ತಿಂಗಳನ್ನೇ ಎತ್ತಿ ಹಿಡಿಯಬೇಕಾಗುತ್ತಿತ್ತು.

ದೊಡ್ಡ ಓಟಗಳೆಲ್ಲ ರವಿವಾರ. ಕ್ಯಾಲೆಂಡರಿನ ಕೆಂಪು ಅಂಕಿಗಳೂ ರವಿವಾರ. ಅವಳು ಷರತ್ತು ಹಾಕಿದಳು.

"ಒಂದು ಹಬ್ಬಾನೂ ತಪ್ಪಿಸಬಾರದು. ನಮ್ಮ ತವರಮನಿಗೆ ಹೋಗೂದು ತಪ್ಪಿಸಬಾರದು. ಉಳಿದ ಟೈಮಿನ್ಯಾಗ ನೀವು ಎಷ್ಟರ ಓಡ್ರಿ, ನಾ ಕೇಳಂಗಿಲ್ಲ. ಒಂದು ತಪ್ಪಿತು, ಬೂಟು ಅಟ್ಟದ ಮ್ಯಾಲೆ."

"ಆತು" ಎಂದೆ. ನಂತರ ಕ್ಯಾಲೆಂಡರ್ ನೋಡಿದೆ. ಶ್ರಾವಣ ಎಂಬ ತಿಂಗಳನ್ನು ನಾನು ಅಲ್ಲಿಯವರೆಗೆ ಅಷ್ಟು ಗಂಭೀರವಾಗಿ ಓದಿರಲಿಲ್ಲ.

ಮೊದಲ ಸೋಮವಾರ ಕಚೇರಿಯಿಂದ ಬಂದು ಕಾಲು ಚಾಚಿ ಕೂತಿದ್ದೆ. ಅವಳು ಮೂವತ್ತು ಕಿಲೋ ಜೋಳದ ಚೀಲ ತೋರಿಸಿ ಗಿರಣಿಗೆ ಹೋಗಿ ಬರಲು ಹೇಳಿದಳು. ಪಟ್ಟಿಯ ಪ್ರಕಾರ ಇವತ್ತು ವಿಶ್ರಾಂತಿ ಎಂದೆ.

"ಅದಕ್ಕ ಹೇಳಿದ್ದು" ಎಂದಳು. "ಇವತ್ತು ಖಾಲಿ ಅದೀನಿ ಅಂತ ನೀವ ಬರದು ಹಚ್ಚೀರಲ್ಲ."

ಪಂಚಮಿಯ ಮುನಿಸು

ನಾಗರ ಪಂಚಮಿಗೆ ಶಲವಡಿಗೆ ಹೋದೆವು. ಕುಂದಗೋಳದ ಕಡೆಯ ನನ್ನ ಷಡ್ಡಕರೂ, ಅಂದರೆ ಆ ಮನೆಯ ಹಿರಿಯ ಅಳಿಯ, ಬಂದಿದ್ದರು. ರಾತ್ರಿ ಹೋಳಿಗೆ, ಮೇಲೆ ತುಪ್ಪ, ಆಮೇಲೆ ನಾಲ್ಕು ಬಗೆಯ ಉಂಡಿ. ಮರುದಿನ ಪಟ್ಟಿಯಲ್ಲಿ ಹನ್ನೆರಡು ಕಿಲೋಮೀಟರ್ ಇತ್ತು. ಯಾರಿಗೂ ತೊಂದರೆಯಾಗದಿರಲೆಂದು ನಸುಕಿನಲ್ಲೇ ಎದ್ದು, ಬಾಗಿಲು ಸಪ್ಪಳವಾಗದಂತೆ ಎಳೆದುಕೊಂಡು ಅಣ್ಣಿಗೇರಿಯ ರಸ್ತೆ ಹಿಡಿದೆ. ಹೆಂಡತಿಗೆ ಮಾತ್ರ ಹೇಳಿದೆ, ಎಚ್ಚರವಿದ್ದಾಳೆ ಎಂದುಕೊಂಡಿದ್ದೆ. ಅವಳು ನಿದ್ದೆಯಲ್ಲಿ ಹೂಂ ಅಂದಿದ್ದಳಂತೆ.

ಅಳಿಯ ಹಬ್ಬದ ಮರುದಿನ ಹೇಳದೆ ಕೇಳದೆ ಮನೆ ಬಿಟ್ಟನೆಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ.

ಎಂಟು ಕಿಲೋಮೀಟರ್ ಆಗಿರಬೇಕು. ಹಿಂದಿನಿಂದ ಟ್ರ್ಯಾಕ್ಟರ್ ಸಪ್ಪಳ ಕೇಳಿಸಿತು. ದಾರಿ ಕೊಡಬೇಕೆಂದು ನಾಲ್ಕು ಹೆಜ್ಜೆ ಜೋರಾಗಿ ಓಡಿ ಬದಿಗೆ ಸರಿದೆ.

"ಏ, ಇನ್ನೂ ಜೋರ್ ಮಾಡಿದ್ರಲೇ! ಭಾಳ ಸಿಟ್ಟಿನ್ಯಾಗ ಅದಾರ, ಸಾವಕಾಶ ಹೋಗೂಣು" ಎಂಬ ಮಾವನ ದನಿ ಕೇಳಿ ತಿರುಗಿದರೆ ಹೆಂಡತಿಯ ತಮ್ಮ ಟ್ರ್ಯಾಕ್ಟರ್ ನಡೆಸುತ್ತಿದ್ದಾನೆ. ಪಕ್ಕದಲ್ಲಿ ಮಾವ. ಇನ್ನೊಂದು ಪಕ್ಕದಲ್ಲಿ ಮಾವನ ಅಣ್ಣ, ತಲೆಗೆ ಪಟಗಾ ಸುತ್ತಿಕೊಂಡು, ಸಂಧಾನಕ್ಕೆ ಸಿದ್ಧರಾಗಿ.

"ಅಳಿಯಾರ, ತಪ್ಪಾಗೇತಿ. ತಿರುಗ್ರಿ" ಎಂದರು ಹಿರಿಯರು.

"ಇನ್ನೂ ನಾಕು ಕಿಲೋಮೀಟರ್ ಐತ್ರಿ" ಎಂದೆ. ಉಸಿರಿನಲ್ಲಿ ಅಷ್ಟೇ ಜಾಗವಿತ್ತು.

ಅವರು ಮಾವನ ಮುಖ ನೋಡಿದರು. "ನಾಕು ಕಿಲೋಮೀಟರ್ ಆದ್ರ ಇಳೀತೈತೇನ್ರಿ ಸಿಟ್ಟು?"

"ಹೌದ್ರಿ."

"ಹಂಗಾದ್ರ ಓಡ್ರಿ. ನಾವು ಹಿಂದ ಬರ್ತೀವಿ."

ಹೀಗೆ ಉಳಿದ ನಾಲ್ಕು ಕಿಲೋಮೀಟರ್ ಬಂದೋಬಸ್ತಿನಲ್ಲಿ ಓಡಿದೆ. ಟ್ರ್ಯಾಕ್ಟರಿನಲ್ಲಿ ವಾಪಸು ಬರುವಾಗ ಒಬ್ಬೊಬ್ಬರಾಗಿ ತಪ್ಪೊಪ್ಪಿಕೊಂಡರು. ಹಿರಿಯ ಅಳಿಯನಿಗೆ ಮೊದಲು ತುಪ್ಪ ಬಡಿಸಿದ್ದು ತಪ್ಪು ಎಂದರು ಮಾವ. ನಾನು ನೋಡುತ್ತಿದ್ದ ಟಿವಿ ಆರಿಸಿದ್ದು ತಪ್ಪು ಎಂದ ಭಾವಮೈದುನ. ಇಷ್ಟು ಓಡಿದರೂ ನನ್ನ ಹೊಟ್ಟೆ ಕರಗಿಲ್ಲ ಎಂದು ತಾವು ಅಂದದ್ದು ನನ್ನ ಕಿವಿಗೆ ಬಿತ್ತೇನೋ ಎಂದರು ಹಿರಿಯರು. ಆ ಮನೆಯಲ್ಲಿ ನನಗೆ ಅವಮಾನವಾಗಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಒಂದೇ ಸವಾರಿಯಲ್ಲಿ ಮೂರು ಸಿಕ್ಕವು.

ಆ ರಾತ್ರಿ ತುಪ್ಪ ಮೊದಲು ನನಗೆ ಬಿತ್ತು. ಷಡ್ಡಕರು ಅದನ್ನು ನೋಡಿದರು. ಮರುದಿನ ನಸುಕಿನಲ್ಲಿ ಅವರು ನಿಜವಾಗಿಯೂ ಮುನಿಸಿಕೊಂಡು ಹೊರಟುಹೋದರು. ಇವರೂ ಓಡಲು ಹೋಗಿರಬೇಕೆಂದು ಯಾರೂ ಕರೆಯಲು ಹೋಗಲಿಲ್ಲ. ಹತ್ತು ಗಂಟೆಗೆ ತಾವೇ ಬಂದು, "ಉಪ್ಪಿಟ್ಟು ಉಳದೈತೇನ್ರಿ?" ಎಂದು ಕೇಳಿದರು.

ಇಪ್ಪತ್ತೊಂದರ ಹರಕೆ

ಆಮೇಲೆ ಒಂದು ಸಾಲು ರಜೆ ಬಂತು. ಯಮನೂರಿನ ದರ್ಗಾಕ್ಕೆ ಹೋಗಿ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿಕೊಂಡು ಬರುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ನಾನು ಜಾಣತನ ಮಾಡಿದೆ. "ನೀವು ಟೆಂಪೋದಾಗ ಬರ್ರಿ, ನಾ ಓಡ್ಕೊಂತ ಬರ್ತೀನಿ" ಎಂದೆ. ರಜೆಯೂ ತಪ್ಪಲಿಲ್ಲ, ಪಟ್ಟಿಯೂ ತಪ್ಪಲಿಲ್ಲ. ಇಂಥ ಹೊಂದಾಣಿಕೆ ಎಲ್ಲರಿಗೂ ಹೊಳೆಯುವುದಿಲ್ಲ ಎಂದು ದಾರಿಯುದ್ದಕ್ಕೂ ನನ್ನ ಬಗ್ಗೆ ನನಗೆ ಗೌರವ ಹೆಚ್ಚುತ್ತ ಹೋಯಿತು.

ಊರು ಇನ್ನೂ ಸ್ವಲ್ಪ ದೂರವಿರುವಾಗ ಬೇವಿನ ಮರದ ಕೆಳಗೆ ಒಬ್ಬ ಮುಸಲ್ಮಾನ ಅಜ್ಜಿ, ಮಗಳ ಜೊತೆ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. ನನ್ನನ್ನು ನಿಲ್ಲಿಸಿ ತಂಬಿಗೆಯಲ್ಲಿ ನೀರು ಕೊಟ್ಟಳು.

"ಬೇಟಾ, ಮನಿಯಾಗ ಯಾರಿಗೆ ಆರಾಮಿಲ್ಲ?"

"ಎಲ್ಲಾರೂ ಆರಾಮ ಅದಾರಬೇ ಅಮ್ಮಾ."

"ಮತ್ತ ಹಿಂಗ ಓಡಾಕತ್ತೀಯಲ್ಲ? ಏನ್ ಹರಕಿ?"

"ಹರಕಿ ಅಲ್ಲಬೇ. ಇಪ್ಪತ್ತೊಂದು ಮುಗಸಬೇಕು, ಅದಕ್ಕ ತಯಾರಿ."

ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಇಪ್ಪತ್ತೊಂದು ಸಲ! ಇದು ಎಷ್ಟನೇದು?"

ಉತ್ತರ ಹೇಳುವಷ್ಟರಲ್ಲಿ ಅವಳ ಮಗಳು ನನ್ನ ಕಾಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡಿದ್ದಳು. ನಾನು ಅಲ್ಲಿಂದ ಓಡಿದೆ. ಅದು ಭಕ್ತಿ ಇನ್ನೂ ಹೆಚ್ಚಾದ ಲಕ್ಷಣವಾಗಿ ಕಂಡಿತು.

ಆ ತಾಯಿ ಮಗಳು ಯಾವುದೋ ಆಟೋ ಹತ್ತಿ ನನಗಿಂತ ಮೊದಲೇ ದರ್ಗಾ ಮುಟ್ಟಿದ್ದರು; ಸುದ್ದಿಯೂ ಅವರೊಂದಿಗೆ ಮುಟ್ಟಿತ್ತು. ನಾನು ಹೋಗುವಷ್ಟರಲ್ಲಿ ಹೆಂಗಸರ ಗುಂಪೊಂದು ನನ್ನ ಹೆಂಡತಿಯನ್ನು ಸುತ್ತುವರಿದು ನಿಂತಿತ್ತು.

"ಇಪ್ಪತ್ತೊಂದು ಸಲ ಓಡಿ ಬರೂ ಹರಕಿ ಅಂತಲ್ಲವ್ವಾ! ಅಂಥಾ ಏನ್ ಕಷ್ಟ ಬಂತು ನಿಮ್ಮ ಯಜಮಾನ್ರಿಗೆ?"

ಹೆಂಡತಿ ನನ್ನತ್ತ ನೋಡಿದಳು. ಬನಿಯನ್ ಒದ್ದೆ, ಚಡ್ಡಿ ಮೊಣಕಾಲಿನ ಮೇಲೆ, ಎರಡೂ ಕೈಯಲ್ಲಿ ಯಾರೋ ತುರುಕಿದ ಸಕ್ಕರೆ.

"ಕಷ್ಟ ನಂದ್ರಿ" ಎಂದಳು. "ಹರಕಿ ಅಷ್ಟ ಅವರದು."

ಹೊಲದ ಮುಂದಿನ ಗಾಡಿ

ಅಲ್ಲಿಯವರೆಗೆ ಅಂದಾಜಿನಲ್ಲಿದ್ದ ಓಟದ ದಿನ ಕೊನೆಗೆ ಖಚಿತವಾಯಿತು. ನಾನು ಕ್ಯಾಲೆಂಡರ್ ಎತ್ತಿ ಪಟ್ಟಿ ನೋಡಿದೆ. ಇಳಿಸಿ ಕ್ಯಾಲೆಂಡರ್ ನೋಡಿದೆ. ಅದೇ ರವಿವಾರ ಸೀಗಿ ಹುಣ್ಣಿಮೆ. ಇಡೀ ಮನೆ ಹೊಲಕ್ಕೆ ಹೋಗಿ, ಬೆಳೆದು ನಿಂತ ಪೈರಿಗೆ ಪೂಜೆ ಮಾಡಿ, ಚರಗವೆಂದು ನೈವೇದ್ಯದ ಅಡುಗೆಯನ್ನು ಹೊಲದ ತುಂಬ ಚೆಲ್ಲಿ, ಅಲ್ಲೇ ಉಣ್ಣುವ ಹಬ್ಬ. ತಪ್ಪಿಸಿದರೆ ಬೂಟು ಅಟ್ಟಕ್ಕೆ. ತಪ್ಪಿಸದಿದ್ದರೆ ಆ ಹಾರ ಆಯುಷ್ಯವಿಡೀ ಕೊರಳಲ್ಲಿ.

ಹೆಂಡತಿ ನಗಲೂ ಇಲ್ಲ, ಬಿಡಲೂ ಇಲ್ಲ. ತವರಿಗೆ ಫೋನು ಹಚ್ಚಿದಳು. ಮಾವ ಒಂದೇ ಪ್ರಶ್ನೆ ಕೇಳಿದರು: "ಓಡೂ ದಾರಿ ಯಾವುದು?"

ಹುಬ್ಬಳ್ಳಿಯಿಂದ ಕುಂದಗೋಳದ ರಸ್ತೆಯಲ್ಲಿ ಹೋಗಿ, ತಿರುಗಿ, ಅದೇ ದಾರಿಯಲ್ಲಿ ವಾಪಸು.

"ದೊಡ್ಡ ಅಳಿಯಾರ ಹೊಲ ಅದ ರಸ್ತಾದ ಮ್ಯಾಲೆ ಐತಲ್ಲ. ಈ ಸಲ ಎಲ್ಲಾರೂ ಅಲ್ಲೇ ಚರಗ ಚಲ್ಲೂಣು. ಓಡಿ ಬರೂ ಮುಂದ ಉಂಡು ಹೋಗ್ಲಿ."

ಐದನೆಯ ಕಿಲೋಮೀಟರಿನಲ್ಲಿ ಅವರು ಟ್ರ್ಯಾಕ್ಟರಿನಿಂದ ಬುಟ್ಟಿ ಇಳಿಸುತ್ತಿದ್ದರು. ಕೈ ಬೀಸಿದೆ. ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು. ತಿರುಗಿ ಬರುವಾಗ ಬಿಸಿಲೇರಿತು, ಕಾಲು ನನ್ನದಲ್ಲ ಅನ್ನಿಸತೊಡಗಿತು. ಹದಿನಾರನೆಯ ಕಿಲೋಮೀಟರಿಗೆ ಬರುವಾಗ ನನ್ನ ಮುಂದೆ ಯಾರೂ ಕಾಣುತ್ತಿರಲಿಲ್ಲ. ಹಿಂದೆ ಮಾತ್ರ ಪರಿಚಿತ ಸಪ್ಪಳ. ಅದೇ ಗಾಡಿ, ಅದೇ ಚಾಲಕ. ಒಳಗೆ ಆಗಲೇ ಸೋತು ಹತ್ತಿದ ಮೂವರು. ಇಪ್ಪತ್ತು ಹೆಜ್ಜೆ ಹಿಂದೆ ಬಂದು ಪ್ರೀತಿಯಿಂದ ಹಾರ್ನ್ ಹೊಡೆದ.

ಮುಂದೆ ನೋಡಿದರೆ ರಸ್ತೆಯ ನಡುವೆ ತಾಟು ಹಿಡಿದು ಅತ್ತೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕಡಬು. ನಿಂತರೆ ಗಾಡಿ ಮುಂದೆ ಹೋಗುತ್ತದೆ. ನಿಲ್ಲದಿದ್ದರೆ ಪಂಚಮಿಯಲ್ಲಿ ಆಗದಿದ್ದ ಮುನಿಸು ಇವತ್ತು ಅವರ ಕಡೆಯಿಂದ ಆಗುತ್ತದೆ.

"ಅತ್ತಿಯಾರ, ಮುಗಿಸಿ ಬಂದು ಉಣ್ತೀನ್ರಿ!" ಎಂದು ಕೈ ಮುಗಿದು ಅವರನ್ನು ಸುತ್ತಿ ಓಡಿದೆ. ಹಿಂದೆ ಬ್ರೇಕ್ ಹಾಕಿದ ಸಪ್ಪಳ ಕೇಳಿಸಿತು. ತಾಟು ಹಿಡಿದ ಕೈ ಖಾಲಿ ಹೋಗಬಾರದಲ್ಲ. ಅತ್ತೆ ಗಾಡಿಗೇ ಅಡ್ಡ ನಿಂತಿದ್ದರು.

"ಹಬ್ಬದ ದಿನ ಹೊಲದ ಮುಂದ ಬಂದು ಉಣದ ಹೋಗ್ತೀರೇನು? ಇಳೀರಿ."

"ಡ್ಯೂಟಿ ಐತ್ರಿ ಅವ್ವಾರ" ಎಂದ ಚಾಲಕ.

"ಡ್ಯೂಟಿ ಎಲ್ಲಿ ಓಡಿ ಹೋಗ್ತೈತಿ?"

ಡ್ಯೂಟಿ ಆಗಲೇ ನೂರು ಗಜ ಮುಂದೆ ಓಡಿ ಹೋಗಿತ್ತು. ತಿರುಗಿ ನೋಡಿದಾಗ ಚಾಲಕ ಚಪ್ಪಲಿ ಬಿಡುತ್ತಿದ್ದ. ಸೋತ ಮೂವರು ಅವನಿಗಿಂತ ಮೊದಲೇ ಕಂಬಳಿಯ ಮೇಲೆ ಕೂತಿದ್ದರು.

ಆ ಕೊನೆಯ ಐದು ಕಿಲೋಮೀಟರನ್ನು ನಾನು ಓಡಿದೆ ಎಂದು ಬರೆಯಲು ಮನಸ್ಸಾಕ್ಷಿ ಒಪ್ಪುತ್ತಿಲ್ಲ. ಸಾಗಿದೆ. ಕಮಾನಿನ ಹತ್ತಿರ ಕುರ್ಚಿ ಎತ್ತಿಡುತ್ತಿದ್ದರು. ಕಮಾನು ಮಾತ್ರ ನಿಂತಿತ್ತು. ಗಾಳಿ ಬಿಡಲು ಬಂದಿದ್ದವನು ಗಡಿಯಾರ ನೋಡುತ್ತ, ಹಿಂದಿನ ಗಾಡಿ ಬರುವ ತನಕ ಬಿಡುವಂತಿಲ್ಲ ಎಂದು ಗೊಣಗುತ್ತಿದ್ದ. ನಾನು ಅದರ ಕೆಳಗಿನಿಂದ ದಾಟಿದೆ. ನನ್ನ ಕಾಲಮೇಲೆ. ಮೂರೂಕಾಲು ತಾಸು.

ಅರ್ಧ ತಾಸಿನ ಮೇಲೆ ಗಾಡಿ ಬಂತು. ಚಾಲಕ ಕಣ್ಣು ಸಣ್ಣದು ಮಾಡಿಕೊಂಡು, ಹೊಟ್ಟೆಯನ್ನು ಸ್ಟೇರಿಂಗಿನಿಂದ ದೂರವಿಟ್ಟುಕೊಂಡು ನಡೆಸುತ್ತಿದ್ದ. ಹಿಂದಿನಿಂದ ಹೆಂಡತಿ, ಮಗಳು ಮತ್ತು ಹಾರ ಹಿಡಿದ ಮಾವ ಇಳಿದರು. ಓಟ ಮುಗಿಸಿದವರಿಗೆಲ್ಲ ಕೊಡುವ ಪದಕ ನನ್ನ ಕೊರಳಲ್ಲಿತ್ತು; ಹೆಂಡತಿ ಅದನ್ನು ತಿರುಗಿಸಿ ನೋಡಿದಳು. ಬಗ್ಗಿ ನನ್ನ ಬೂಟಿನ ಲೇಸು ಸಡಿಲ ಮಾಡಿದಳು. ಅಟ್ಟದ ಮಾತು ಮುಗಿಯಿತೆಂದು ತಿಳಿದೆ.

ಮಾವ ಕಮಾನಿನವನನ್ನು ಕೇಳಿದರು: "ನಮ್ಮ ಅಳಿಯಾರು ಎಷ್ಟನೇದವರ್ರಿ?"

"ಕಡೀದವರ್ರಿ."

ಮಾವ ತಲೆಯಾಡಿಸಿ, ಹಾರ ಹಾಕಿ, ಬದಿಗೆ ಹೋಗಿ ಶಲವಡಿಗೆ, ತಮ್ಮ ಅಣ್ಣನಿಗೆ ಫೋನು ಹಚ್ಚಿದರು. ಅವರ ಫೋನಿನ ಮಾತು ಫೋನಿಲ್ಲದೆಯೂ ಶಲವಡಿಗೆ ಕೇಳುತ್ತದೆ.

"ಹಾಂ ಅಣ್ಣಾ, ಮುಗೀತು. ಉಳಿದವರೆಲ್ಲ ಎರಡು ತಾಸಿನ್ಯಾಗ ಸುಸ್ತಾಗಿ ನಿಂತಬಿಟ್ರು. ನಮ್ಮ ಅಳಿಯಾರು ಒಬ್ರ ಮೂರೂಕಾಲು ತಾಸು ಓಡಿದ್ರು ನೋಡು!"

ಆ ಕಡೆಯಿಂದ ಏನೋ ಪ್ರಶ್ನೆ ಬಂದಿರಬೇಕು. ಮಾವ ನನ್ನತ್ತ ಒಮ್ಮೆ ನೋಡಿ, ದನಿ ತಗ್ಗಿಸಿ, ಬೇಸರದಿಂದ ಹೇಳಿದರು:

"ಇಲ್ಲೋ, ಈ ವರ್ಷ ಗಾಡಿ ಕೊಡಲಿಲ್ಲ. ಹೋದ ವರ್ಷದ ಮಂದಿ ಚಲೋ ಇದ್ರು."