ಬಾಪೂಸಾಹೇಬರು ಬರೆಸಿದ ಅರ್ಜಿ

ಹಳೆಯ ಕಂಪ್ಯೂಟರಿನೊಳಗೆ ಹಲ್ಲಿ ಹೊಕ್ಕು, ಹಲ್ಲಿಯೂ ಸತ್ತು ಕಂಪ್ಯೂಟರೂ ಸತ್ತಾಗಿನಿಂದ ಗುರುಸಿದ್ದನ ಜೀವಕ್ಕೆ ಸಮಾಧಾನವಿರಲಿಲ್ಲ. ಅದಾಗಿ ಒಂಬತ್ತು ದಿನ. ಹೊಸದು ನಿನ್ನೆ ಎಸ್‌ಟಿ ಬಸ್ಸಿನಲ್ಲಿ ಮಹಾರಾಷ್ಟ್ರದ ಗಡಿಯ ಗಡಹಿಂಗ್ಲಜಕ್ಕೆ ಬಂದಿಳಿದಿತ್ತು. ಆದರೆ ಕಂಪನಿಯ ಡೊಮೇನಿಗೆ ಸೇರಲೊಲ್ಲದು!

ಗುರುಸಿದ್ದ ಒಂದು ಪಶು ಆಹಾರ ಕಂಪನಿಯ ಗಡಹಿಂಗ್ಲಜ ಶಾಖೆಯ ಕಾರಕೂನ. ಅಲ್ಲಿ ಸಾಹೇಬನೂ ಅವನೇ, ಕಸ ಹೊಡೆಯುವವನೂ ಅವನೇ. ಹೆಂಡತಿ ರುತುಜಾ, ಮಗಳು ಮನಾಲಿ ಇಚಲಕರಂಜಿಯಲ್ಲಿ. ಕಂಪನಿಯ ಮುಖ್ಯ ಕಚೇರಿಯೂ ಅಲ್ಲೇ. ಇವನೊಬ್ಬ ಮಾತ್ರ ಮೂರು ವರ್ಷದಿಂದ ಇಲ್ಲಿ, ಹಿಂಡಿ ಚೀಲಗಳ ನಡುವೆ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ರೂಢಿ ಬಿಡಲಾರದೆ "ಬರ್ರಿ, ಊಟ ಮಾಡೂನು" ಅನ್ನುತ್ತಾನೆ. ಚೀಲಗಳು ಏಳುವುದಿಲ್ಲ. ಒಬ್ಬನೇ ಕೂತು ರೊಟ್ಟಿ ಮುರಿಯುವಾಗ ಅವನಿಗೆ ಅಳುವೇ ಬರುತ್ತದೆ.

ವರ್ಗಾವಣೆ ಕೇಳಿ ಕೇಳಿ ಕಾಡಿದ್ದಕ್ಕೆ ಮ್ಯಾನೇಜರು ಹೋದ ತಿಂಗಳು, "ನೋಡೂನು. ಆರ್ಡರ್ ಆದ್ರ ಆಫೀಸಿನ ಮೇಲ್‌ಗೆ ಬರತೈತಿ. ಫೋನ್ ಮಾಡಿ ತಲಿ ತಿನ್ನಬ್ಯಾಡ" ಎಂದಿದ್ದರು. ಆ ಮೇಲ್ ಆದರೋ, ಡೊಮೇನಿನೊಳಗಿರುವ ಕಂಪ್ಯೂಟರಿನಲ್ಲಿ ಮಾತ್ರ ತೆರೆಯುತ್ತಿತ್ತು.

"ಡೊಮೇನ್ ಅಂದ್ರ ಒಂದು ದೊಡ್ಡ ವಾಡೆ ಮನಿ ಅಂತ ತಿಳೀರಿ," ಎಂದು ಮುಖ್ಯ ಕಚೇರಿಯ ಕಂಪ್ಯೂಟರ್ ವಿಭಾಗದ ಹರ್ಷದ ಬೆಳಿಗ್ಗೆ ಫೋನಿನಲ್ಲಿ ಹೇಳಿದ. "ನಿಮ್ಮ ಮಷಿನ್ ಬಾಗಲದಾಗ ನಿಂತು ಹೆಸರು ಹೇಳಬೇಕು. ಇಲ್ಲಿ ಸರ್ವರ್ ಹೌದು ಅಂದ್ರ ಒಳಗ. ನಾನೂ ಹೊಸಬ ಅದೀನ್ರಿ, ಸಾವಕಾಶ ಮಾಡೂನು."

ಮೊದಲ ಸಲ ಸರ್ವರೇ ಸಿಗಲಿಲ್ಲ. ಗುರುಸಿದ್ದ ಮೇಜಿನ ಕೆಳಗೆ ಹೊಕ್ಕು ವೈರು ಎಳೆದಾಡುತ್ತಿದ್ದಾಗ ಪಕ್ಕದ ಬಳೆ ಅಂಗಡಿಯ ಚೆನ್ನವ್ವ ಬಗ್ಗಿ ನೋಡಿದಳು.

"ಏನ್ ಕಳಕೊಂಡಿಯೋ ತಮ್ಮಾ?"

"ನೆಟ್ ಬರವಲ್ದು ಅಕ್ಕಾ."

"ಅಯ್ಯ ಶಿವನ! ಮುಂಜಾನೆ ನನ್ನ ಮೊಬೈಲ್ ಚಾರ್ಜ್ ಹಾಕಾಕ ಇಲ್ಲೇ ನಿನ್ನ ಮೇಜಿನ ಹಿಂದಿನ ಒಂದು ಪಿನ್ ಕಿತ್ತಿದ್ನಿ. ಅದ ಏನು?"

ಅದೇ. ಪಿನ್ ಚುಚ್ಚಿದ ಮೇಲೆ ಸರ್ವರು ಸಿಕ್ಕಿತು, ಆದರೆ ವೇಳೆ ಹೊಂದುವುದಿಲ್ಲವೆಂದು ಹೊರಗೆ ದಬ್ಬಿತು. ನೋಡಿದರೆ ಹೊಸ ಕಂಪ್ಯೂಟರಿನ ತಾರೀಖು ಹದಿನಾಲ್ಕು ವರ್ಷ ಹಿಂದಿನದು.

ಅಷ್ಟರಲ್ಲಿ ಎದುರುಮನೆಯ ಬಾಪೂಸಾಹೇಬರೂ ಬಂದು ಕುರ್ಚಿ ಹಿಡಿದಿದ್ದರು. ತಹಸೀಲ ಕಚೇರಿಯಲ್ಲಿ ಅರ್ಜಿ ಬರೆದು ಬರೆದೇ ನಿವೃತ್ತರಾದವರು. "ಹದಿನಾಲ್ಕು ವರ್ಷ ಹಿಂದ? ಆವಾಗ ನಾ ಸರ್ವಿಸ್‌ನ್ಯಾಗಿದ್ನೆಪಾ! ಹಂಗ ಇರ್ಲಿ ಬಿಡು," ಎಂದರು. ಚೆನ್ನವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಗುರುಸಿದ್ದನಿಗೆ ಕಿರಿಕಿರಿಯೇನೋ ಆಯಿತು. ಆದರೆ ಮೂರು ವರ್ಷದಲ್ಲಿ ಆ ಕೋಣೆ ಇಷ್ಟು ಮಾತು ಕೇಳಿರಲಿಲ್ಲ, ಒಳಗೊಳಗೇ ಹಿತವೆನಿಸಿತು.

ತಾರೀಖು ಸರಿಮಾಡುವಷ್ಟರಲ್ಲಿ ಮೂರು ಗಂಟೆ. ಈಗ ಮೂರನೆಯ ತಕರಾರು.

"ಮಷಿನ್ನಿಗೆ ಕುಂಡ್ರಾವ್ರ ಹೆಸರ ಇಡೂ ಪದ್ಧತಿ ಐತಲ್ರಿ," ಎಂದ ಹರ್ಷದ, ಫೋನಿನ ಸ್ಪೀಕರಿನಲ್ಲಿ. "ಗುರುಸಿದ್ದ ಅನ್ನೂ ಮಷಿನ್ ಆಗ್ಲೇ ಒಳಗ ಐತಿ. ಒಂದ ಹೆಸರಿನವು ಎರಡು ಇರಾಕ ಬರೂದಿಲ್ಲ."

"ಅದು ಹಳೇದು ಮಾರಾಯಾ! ಹಲ್ಲಿ ಹೊಕ್ಕು ಸತ್ತೈತಿ. ಅಳಿಸಿ ಒಗಿ!"

"ನೀವು ಬರದ ಕೊಡ್ರಿ. ನಾಳೆ ನನ್ನ ಮ್ಯಾಲೆ ಬರಬಾರದು."

ಬರೆಯುವ ಮಾತು ಬಂದದ್ದೇ ತಡ, ಬಾಪೂಸಾಹೇಬರು ಎದ್ದು ನಿಂತರು. "ಥಾಂಬಾ, ತಡಿ! ಒಂದ್ ಸಾಲು ಗೀಚಿ ಕಳಿಸಿದ್ರ ಯಾವ ಆಫೀಸನ್ಯಾಗೂ ಕಿಮ್ಮತ್ತಿಲ್ಲ. ಖಡಕ್ ಬರೀಬೇಕು. ನಾ ಹೇಳ್ತೇನಿ, ಮೊಬೈಲ್‌ನ್ಯಾಗ ಹೊಡಿ."

ಕಣ್ಣು ಮುಚ್ಚಿ ಶುದ್ಧ ಸರಕಾರಿ ಮರಾಠಿಯಲ್ಲಿ ಹೇಳುತ್ತ ಹೋದರು. ಕನ್ನಡದಲ್ಲಿ ಅದರ ಸಾರ ಇಷ್ಟು: "ಮುಖ್ಯ ಕಚೇರಿಯಲ್ಲಿ ನನ್ನ ಹೆಸರಿನಲ್ಲಿ ಏನೇ ಇದ್ದರೂ ತೆಗೆದುಹಾಕಬೇಕು. ಅದು ನನಗೆ ಈಗಲೂ ಬೇಡ, ಮುಂದೆಯೂ ಬೇಡ. ನನಗೆ ಬೇಕಾದದ್ದು ಗಡಹಿಂಗ್ಲಜದಲ್ಲೇ ಬೇಕು. ಇದನ್ನು ಯಾರ ಒತ್ತಡವೂ ಇಲ್ಲದೆ ಸ್ವಖುಷಿಯಿಂದ ಬರೆದಿದ್ದೇನೆ."

"ಕಂಪ್ಯೂಟರ್ ಅನ್ನೂ ಮಾತು ಬರಲೇ ಇಲ್ಲಲ್ರಿ?" ಎಂದ ಗುರುಸಿದ್ದ.

"ಬಿಡಿಸಿ ಬರದ್ರ ಹತ್ತು ಪ್ರಶ್ನೆ ಕೇಳ್ತಾರ. ನಂಗ ಕಲಸ್ತಿ? ಮ್ಯಾನೇಜರಿಗೂ ಒಂದು ಪ್ರತಿ ಹಾಕು. ಇಲ್ಲಾಂದ್ರ ಆ ಹರ್ಷದ ನಿನ್ನ ಸಂಜೀತನಕ ಕುಂಡ್ರಸ್ತಾನ."

ಅರ್ಜಿ ಹೋಯಿತು. ಅರ್ಧ ಗಂಟೆಯಲ್ಲಿ ಪರದೆಯ ಮೇಲೆ 'ಡೊಮೇನಿಗೆ ಸ್ವಾಗತ' ಎಂದು ಮೂಡಿತು! ಬಾಪೂಸಾಹೇಬರು ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಎಲ್ಲರೂ ಗುರುಸಿದ್ದನ ಚಹಾ ಕುಡಿದರು, ಐದು ನಿಮಿಷದಲ್ಲಿ ಒಬ್ಬರೂ ಉಳಿಯಲಿಲ್ಲ.

ಗುರುಸಿದ್ದ ಮೇಲ್ ತೆರೆದ. ಬಂದಿತ್ತು! ಐದು ದಿನದ ಹಿಂದೆಯೇ ಬಂದಿತ್ತು! 'ಬರುವ ಒಂದನೇ ತಾರೀಖಿನಿಂದ ತಮ್ಮನ್ನು ಇಚಲಕರಂಜಿಯ ಮುಖ್ಯ ಕಚೇರಿಗೆ ವರ್ಗಾಯಿಸಲಾಗಿದೆ. ಕಿಟಕಿ ಪಕ್ಕದ ಮೇಜಿನ ಮೇಲೆ ತಮ್ಮ ಹೆಸರಿನ ಹೊಸ ಕಂಪ್ಯೂಟರ್ ಸಿದ್ಧವಿದೆ.'

ಅವನು ಎದ್ದು ಒಂದು ಚೀಲವನ್ನು ತಬ್ಬಿಕೊಂಡ. ತಬ್ಬಿಕೊಂಡವನು ಹಾಗೇ ನಿಂತ. ತಮ್ಮ ಹೆಸರಿನ ಕಂಪ್ಯೂಟರ್? ಹಾಗಾದರೆ ತಾನು ಅಳಿಸಿ ಒಗಿ ಎಂದದ್ದು ಹಳೆಯದನ್ನಲ್ಲ, ಇದನ್ನು!

ಅದರ ಮೇಲ್ಗಡೆ ಇನ್ನೊಂದು ಮೇಲ್ ಇತ್ತು. ಬಂದು ಹತ್ತು ನಿಮಿಷವಾಗಿತ್ತು. 'ತಮ್ಮ ಅರ್ಜಿ ತಲುಪಿತು. ವರ್ಗಾವಣೆ ಬೇಡವೆಂಬ ತಮ್ಮ ಇಚ್ಛೆಯಂತೆ ಆದೇಶವನ್ನು ರದ್ದು ಮಾಡಿ, ಆ ಮೇಜನ್ನು ಇಲ್ಲಿನ ದೀಪಕ ಅವರಿಗೆ ಕೊಡಲಾಗಿದೆ. ಶಾಖೆಯ ಮೇಲೆ ಇಷ್ಟು ಪ್ರೀತಿ ಇರುವವರು ಅಪರೂಪ. ಇನ್ನೂ ಮೂರು ವರ್ಷ ಅಲ್ಲೇ ಮುಂದುವರಿಯಿರಿ.'

ಮ್ಯಾನೇಜರಿಗೆ ನಾಲ್ಕು ಸಲ ಫೋನು ಹಚ್ಚಿದ. ಎತ್ತಲಿಲ್ಲ. ಐದನೆಯ ಸಲ ಹಚ್ಚುವ ಮೊದಲೇ ರುತುಜಾಳ ಫೋನು ಬಂತು.

"ಆತೇನ್ರಿ ಕಂಪ್ಯೂಟರು? ಆರ್ಡರ್ ಬಂದೈತೇನು?"

"ಬಂದೈತಿ."

"ಅಯ್ಯ, ಓದ್ರಿ! ಲಗೂನ ಓದ್ರಿ!"

ಅವನು ಮೊದಲಿನದನ್ನು ಓದಿದ. ಒಂದನೇ ತಾರೀಖು, ಮುಖ್ಯ ಕಚೇರಿ, ಕಿಟಕಿ ಪಕ್ಕದ ಮೇಜು. "ಇನ್ನೊಂದೂ ಬಂದೈತಿ, ಕೇಳ..." ಅನ್ನುವಷ್ಟರಲ್ಲಿ ಆ ಕಡೆ ಫೋನು ಮಂಚದ ಮೇಲೆ ಬಿದ್ದ ಸದ್ದಾಯಿತು.

"ಮನಾಲೀ! ಪಪ್ಪಾ ಬರಾಕತ್ತಾರ, ಕಾಯಂ ಬರಾಕತ್ತಾರ!" ಎಂದು ಕೂಗುತ್ತ ರುತುಜಾ ಓಡಿದ್ದಳು. ಗುರುಸಿದ್ದ ಫೋನನ್ನು ಕಿವಿಗೊತ್ತಿಕೊಂಡು, ದೂರದಲ್ಲಿ ತಾಯಿ ಮಗಳು ನಗುವುದನ್ನು ಕೇಳುತ್ತ, ಅವರು ತಿರುಗಿ ಬರಲೆಂದು ಕಾಯುತ್ತ ನಿಂತ.