ಮಾವನ ಟರ್ಬೋ, ಅತ್ತೆಯ ಕಲ್ಲು

ನಮ್ಮ ಸೋದರಮಾವನಿಗೆ ಎರಡು ಮದುವೆ ಎಂದರೆ ಗಾಬರಿಯಾಗಬೇಡಿ. ಮೊದಲನೆಯದು ಜೀಪಿನೊಂದಿಗೆ, ಎರಡನೆಯದು ಅತ್ತೆಯೊಂದಿಗೆ. ಅತ್ತೆಯನ್ನು ತುರುವೇಕೆರೆಗೆ ದಿಬ್ಬಣದಲ್ಲಿ ಕರೆತಂದದ್ದೂ ಅದೇ ಜೀಪಿನಲ್ಲಿ. ಸವತಿಯ ಮಡಿಲಲ್ಲಿ ಕೂತು ಗಂಡನ ಮನೆಗೆ ಬಂದ ಹೆಣ್ಣು ಲೋಕದಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ!

ಅತ್ತೆಯ ತವರು ಚಿಕ್ಕನಾಯಕನಹಳ್ಳಿ ಕಡೆ, ಕಡಿದಾದ ದಿಬ್ಬವೊಂದರ ಮೇಲೆ. ದಿಬ್ಬದ ಬುಡ ಮುಟ್ಟಿದ ಕೂಡಲೇ ಜೀಪಿಗೆ ಏದುಸಿರು. ಎಲ್ಲರೂ ಇಳಿಯಬೇಕು. ಮಾವ ಮಾತ್ರ ಸ್ಟೇರಿಂಗ್ ಹಿಡಿದು ಮಹಾರಾಜನಂತೆ ಕೂತಿರುತ್ತಾನೆ. ಅತ್ತೆ ಸೀಟಿನ ಕೆಳಗಿಟ್ಟ ಕಲ್ಲನ್ನು ಎತ್ತಿಕೊಂಡು ಹಿಂದೆ ನಡೆಯಬೇಕು. ಜೀಪು ನಿಂತಲ್ಲೆಲ್ಲ ಓಡಿಹೋಗಿ, ಅದು ಕೆಳಗೆ ಉರುಳದಂತೆ ಹಿಂದಿನ ಗಾಲಿಗೆ ಕಲ್ಲು ಕೊಡುವುದು ಅವಳ ಕೆಲಸ. ಮೂವತ್ತು ವರ್ಷದ ಪದ್ಧತಿ ಸ್ವಾಮಿ! ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು, ಕೈಯಲ್ಲಿ ಕಲ್ಲು ಹಿಡಿದು ತವರಿಗೆ ಹೋಗುವ ಮಗಳನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಈಚೆಗೆ ಎರಡು ವರ್ಷದಿಂದ ಅತ್ತೆ ಗೌರಿ ಹಬ್ಬಕ್ಕೂ ತವರಿಗೆ ಹೋಗಿರಲಿಲ್ಲ. ಕೇಳಿದರೆ, "ಮನೇಲಿ ಕೆಲ್ಸ ಕಣಪ್ಪ" ಅನ್ನುತ್ತಿದ್ದಳು. ಬಾಡಿಗೆ ಕಾರು ತರಿಸೋಣವೆಂದರೆ, ಗಾಜು ಮುಚ್ಚಿದ ಕಾರಿನಲ್ಲಿ ಎರಡು ಮೈಲಿ ಹೋಗುವಷ್ಟರಲ್ಲಿ ಅವಳಿಗೆ ವಾಂತಿ. ಹೀಗಿರುವಾಗ ಮಾವ ಒಂದು ದಿನ ಊಟದ ನಡುವೆ ಘೋಷಿಸಿಬಿಟ್ಟ.

"ಈ ಗೌರಿ ಹಬ್ಬುಕ್ಕೆ ಜೀಪು ದಿಬ್ಬ ಹತ್ತಬೇಕು. ಒಬ್ರೂ ಇಳೀಬಾರ್ದು. ಮೊದ್ಲು ಎಂಜಿನ್ ಹೆಡ್ ಬದಲಾಯಿಸ್ತೀನಿ. ಆಮೇಲೆ ಟರ್ಬೋ!"

ಭಾವಮೈದುನರ ಮುಂದೆ ಮೀಸೆ ತಿರುವುವ ಆಸೆ ಇರಬೇಕು ಎಂದು ನಾವು ಒಳಗೊಳಗೇ ನಕ್ಕೆವು.

ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಹಳೇ ಹೆಡ್ಡು ಬಿರುಕು ಬಿಟ್ಟು, ನೀರು ಸೇರಿ, ಎಂಜಿನ್ ಆಯಿಲ್ ಮಜ್ಜಿಗೆಯಾಗಿತ್ತು. ಇನ್ನೊಂದು ಹೆಡ್ಡು ಹುಡುಕಲು ಮಾವ ನನ್ನನ್ನು ತಿಪಟೂರಿನ ಗುಜರಿಗೆ ಕರೆದೊಯ್ದ. ಅಟ್ಟದ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ಹೇಳುವ ಮನುಷ್ಯ ಅವನು. ಹೆಡ್ಡನ್ನು ಅಲ್ಲಾಡಿಸುವುದು ಯಾರಪ್ಪನಿಂದಲೂ ಆಗದು! ಆದ್ದರಿಂದ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟ. ಮೂರನೆಯದನ್ನು ಕುಟ್ಟಿ, "ಇದು ಬಲಿತೈತೆ ಕಣ್ಲಾ" ಎಂದು ತೀರ್ಪು ಕೊಟ್ಟ. ಗ್ಯಾರೇಜಿನ ಮೇಸ್ತ್ರಿ ಅದಕ್ಕೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿದರೆ ಕುದಿಯುವ ಸಾರಿನಂತೆ ಗುಳ್ಳೆ!

"ಯಜಮಾನ್ರೇ, ಇದು ಕೆಟ್ಟ ಕಾಯಿ" ಎಂದ ಮೇಸ್ತ್ರಿ.

ಎರಡನೆಯ ಸಲ ಮೇಸ್ತ್ರಿಯೇ ಹೋಗಿ ಆರಿಸಿ ತಂದ. ಸಿಲಿಂಡರುಗಳು ಬಾಯಿ ತೆರೆದು ಕೂತಿದ್ದವು, ಹೆಡ್ಡು ಕೂರಿಸುವುದಷ್ಟೇ ಬಾಕಿ. ಮೇಸ್ತ್ರಿ ಟೀ ಕುಡಿದು ಬರುವಷ್ಟರಲ್ಲಿ ಮಾವ ಪೂಜೆ ಮುಗಿಸಿದ್ದ. ಸ್ವಂತ ತೋಟದ ಕಾಯಿ ಒಡೆದು, ನಾಲ್ಕು ಸಿಲಿಂಡರಿಗೂ ಒಂದೊಂದು ಉದ್ಧರಣೆ ತೀರ್ಥ!

"ಅಯ್ಯಯ್ಯೋ, ಏನ್ ಮಾಡಿದ್ರಿ ಯಜಮಾನ್ರೇ! ತುಕ್ಕು ಹಿಡಿಯಲ್ವಾ?"

"ನಾಲ್ಕಕ್ಕೂ ಸಮನಾಗೇ ಕೊಟ್ಟಿದೀನಿ ಕಣಪ್ಪ. ಭೇದ ಮಾಡಿಲ್ಲ."

ಮೇಸ್ತ್ರಿ ಅರ್ಧ ದಿನ ಬಟ್ಟೆ ಹಿಡಿದು ಒರೆಸಿದ. ಅಂದಿನಿಂದ ಗ್ಯಾರೇಜಿನ ಬಾಗಿಲಲ್ಲಿ ಮಾವನ ಚೀಲ ತಪಾಸಣೆಯಾಗುತ್ತದೆ. ಕಾಯಿ ಇದ್ದರೆ ಹೊರಗಿಡಬೇಕು.

ಇನ್ನು ಟರ್ಬೋ! ಕ್ಯಾಲೆಂಡರಿನ ಹಿಂಬದಿಯಲ್ಲಿ ಬಸವನಹುಳುವಿನಂಥ ಚಿತ್ರ ಬರೆದು ಅಡುಗೆಮನೆಯಲ್ಲಿ ಪಾಠ ಶುರುಮಾಡಿದ. "ಎಂಜಿನ್ ಬಿಡೋ ಹೊಗೇನೇ ಒಂದು ಚಕ್ರ ತಿರುಗಿಸ್ತದೆ. ಆ ಚಕ್ರ ಹೊರಗಿನ ಗಾಳೀನ ಎಂಜಿನ್ನಿಗೆ ಊದ್ತದೆ. ಗಾಳಿ ಜಾಸ್ತಿ ಆದ್ರೆ ಬೆಂಕಿ ಜೋರು. ತಿಳೀತೇನೇ?"

ಅತ್ತೆ ರೊಟ್ಟಿ ತಟ್ಟುತ್ತಲೇ ಹೇಳಿದಳು: "ಊದುಗೊಳವೆ ಹಿಡ್ಕಂಡು ಒಲೆ ಮುಂದೆ ಅಷ್ಟು ವರ್ಷ ಕೂತಿದ್ನಲ್ಲ, ಹಂಗಾರೆ ಈ ಮನೆ ಟರ್ಬೋ ನಾನೇ ಬುಡಿ."

ಮೇಸ್ತ್ರಿಯೂ ಅಡ್ಡಗಾಲು ಹಾಕಿದ. ಟರ್ಬೋ ಒತ್ತಡ ತಡೆಯಲು ಪಿಸ್ಟನ್ನಿನಿಂದ ಹಿಡಿದು ಎಲ್ಲವೂ ಗಟ್ಟಿಯಿರಬೇಕಂತೆ. "ತಲೆ ಹೊಸ್ದು, ಮೈ ಹಳೇದು ಯಜಮಾನ್ರೇ" ಎಂದ. ಮಾವನ ಮುಖ ಸಪ್ಪಗಾಯಿತು.

ಹಬ್ಬ ಬಂತು, ಟರ್ಬೋ ಬರಲಿಲ್ಲ. ಹೊಸ ಹೆಡ್ಡನ್ನು ನಂಬಿ ಮೂವರೇ ಹೊರಟೆವು. ದಿಬ್ಬದ ಬುಡದಲ್ಲಿ ಜೀಪು ನಿಂತಿತು. ನಾನು ಹಿಂದಿನಿಂದ ಇಳಿದೆ. ಅತ್ತೆಯೂ ಅಭ್ಯಾಸದಂತೆ ಸೀಟಿನ ಕೆಳಗೆ ಬಗ್ಗಿ ಕಲ್ಲು ಎತ್ತಿಕೊಂಡು ಕಾಲು ಹೊರಗಿಟ್ಟಳು. ಹಲ್ಲು ಕಚ್ಚಿದ್ದು ನನಗೂ ಕಾಣಿಸಿತು.

ಮಾವ ಅವಳ ತೋಳು ಹಿಡಿದ. "ಇಳೀಬ್ಯಾಡ ಕಣೇ. ನಿನ್ ಮಂಡಿ ನೋವು ನಂಗೊತ್ತಿಲ್ವಾ? ಕೂತ್ಕೋ."

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಎರಡು ವರ್ಷ ಅವಳಿಗಿದ್ದ "ಮನೆ ಕೆಲಸ" ಯಾವುದೆಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಮೀಸೆಯ ಮಾತಾಡಿ ನಕ್ಕವರು ನಾವೇ.

ಜೀಪು ಮೊದಲನೇ ಗೇರಿನಲ್ಲಿ, ಕಪ್ಪು ಹೊಗೆ ಕಾರುತ್ತಾ, ಬಸುರಿ ಎಮ್ಮೆಯ ನಡಿಗೆಯಲ್ಲಿ ಹತ್ತತೊಡಗಿತು. ನಾನು ಹಿಂದೆ ನಡೆದೆ. ಅರ್ಧ ದಾರಿಯಲ್ಲಿ ಒಮ್ಮೆ ಕೆಮ್ಮಿತು. ಅತ್ತೆ ಮಡಿಲಲ್ಲಿದ್ದ ಕಲ್ಲನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು. ಆದರೆ ಜೀಪು ನಿಲ್ಲಲಿಲ್ಲ. ಮೇಲೆ, ಅವಳ ತವರಿನ ಬಾಗಿಲ ಮುಂದೆಯೇ ಹೋಗಿ ನಿಂತಿತು.

ಮಾವ ಇಳಿದು ಅವಳತ್ತ ಬಂದ. ಮಡಿಲಿನಿಂದ ಕಲ್ಲು ತೆಗೆದುಕೊಂಡು, ಬಗ್ಗಿ, ಹಿಂದಿನ ಗಾಲಿಗೆ ತಾನೇ ಕೊಟ್ಟ. ಮೂವತ್ತು ವರ್ಷದಲ್ಲಿ ಮೊದಲ ಸಲ! ಆಮೇಲೆ ಕೈಯನ್ನು ಪಂಚೆಗೆ ಒರೆಸಿಕೊಂಡು ಅತ್ತೆಯತ್ತ ಚಾಚಿದ.

"ಈಗ ಇಳಿ" ಎಂದ.