ಸಾವಿಗೆ ಹೋದವರು

ಮುಹೂರ್ತದ ಗಡಿಬಿಡಿಯಲ್ಲಿ ನವನೀತ ಫೋನನ್ನು ಚಾರ್ಜಿಗೆ ಹಾಕಲು ಮರೆತ. ಅವತ್ತಿನ ಪಾಡಿಗೆಲ್ಲ ಅದೇ ಕಾರಣ ಎಂದು ಅವನ ಹೆಂಡತಿ ಅನು ಇಂದಿಗೂ ಹೇಳುತ್ತಾಳೆ.

ಬಂಗಾರಪೇಟೆಯಲ್ಲಿ ಕೊಂಡ ಮೊದಲ ಫ್ಲ್ಯಾಟು ಮುಗಿಯುವ ಮುಂಚೆಯೇ ಉರಿಗಾಂನ ಬಾಡಿಗೆ ಮನೆ ಬಿಡಬೇಕಾಗಿತ್ತು. ಸಾಮಾನನ್ನೆಲ್ಲ ಚಾಂಪಿಯನ್ ರೀಫ್ಸಿನ ಸೆಲ್ವರಾಜನ ಖಾಲಿ ಕೋಣೆಯಲ್ಲಿ ಬಾಡಿಗೆ ಕೊಟ್ಟು ಇಟ್ಟು, ಗಂಡ ಹೆಂಡತಿ ಅತ್ತೆಯ ಮನೆ ಸೇರಿದ್ದರು. ಸೆಲ್ವರಾಜ್ ಒಳ್ಳೆಯವನು. ಯಾರೂ ಕೇಳದಿದ್ದರೂ ಹಾಸಿಗೆಗೆ ತೇವ ತಾಗದಂತೆ ಅಡಿಯಲ್ಲಿ ಇಟ್ಟಿಗೆ ಜೋಡಿಸಿದ್ದ.

ಅಂದು ಹೊಸ ಮನೆಯಲ್ಲಿ ಹಾಲುಕ್ಕಿಸುವ ದಿನ. ಅತ್ತೆ ಅಂಜನಮ್ಮನ ಅಪ್ಪಣೆ ಸ್ಪಷ್ಟವಾಗಿತ್ತು: "ಅಳೇ ಮನೆ ದೇವ್ರು, ಅಳೇ ಮನೆ ಒಲೆ ಮೊದ್ಲು ಒಳಕ್ಕೆ ಬರ್ಬೇಕು. ಅನ್ನೆರಡು ದಾಟ್ತೋ, ಇನ್ನು ಮೂರು ತಿಂಗ್ಳು ಮುಹೂರ್ತ ಇಲ್ಲ ಅಳಿಯಂದ್ರೇ!"

ಅತ್ತೆಯ ಮನೆಯ ಮಂಚ ನವನೀತನಿಗಿಂತ ಒಂದು ಗೇಣು ಗಿಡ್ಡ. ಮೂರು ತಿಂಗಳು ಕಾಲು ಇಳಿಬಿಟ್ಟು ಮಲಗುವುದನ್ನು ನೆನೆದೇ ಅವನು ಬೆಳಿಗ್ಗೆ ಸಾಮಾನು ತರಲು ಟೆಂಪೋ ಹತ್ತಿದ.

ಕೋಣೆಗೆ ಬೀಗ. ಸೆಲ್ವರಾಜನ ಮನೆಗೂ ಬೀಗ. ಪಕ್ಕದ ಮನೆಯ ಇಂದ್ರಾಣಿ ಬಿಂದಿಗೆ ಇಳಿಸಿ ಹೇಳಿದಳು: "ಅಣ್ಣ ಇಲ್ಲ ಸಾರ್. ಬೇತಮಂಗಲಕ್ಕೆ ಓಗವ್ರೆ, ಮಗಳ ಮನೇಗೆ. ಸಾವಿಗೆ."

ದಾವಣಗೆರೆಯಿಂದ ಬಂದು ಇಲ್ಲಿ ಕಾರ್ಖಾನೆ ಸೇರಿದ ನವನೀತನಿಗೆ ಈ ಊರಿನ ಬೆರಕೆ ಮಾತು ಅರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ಅವನು ಊಹಿಸುತ್ತಿದ್ದ.

"ಅಯ್ಯೋ! ಯಾವಾಗಮ್ಮ?"

"ನೆನ್ನೆ ರಾತ್ರಿ ಓಗ್ಬುಡ್ತು. ಪಾಪ, ಅಣ್ಣ ಊಟಾನೇ ಮಾಡ್ಲಿಲ್ಲ."

"ಹಳೇ ಜೀವ ಏನೋ?"

"ಅಳೇದೇ ಸಾರ್. ಅವರಪ್ಪ ತಂದಿದ್ದು ಎರಡು. ಒಂದು ಓಯ್ತು, ಇನ್ನೊಂದು ಮಗಳತ್ರ ಅದೆ."

ಸೆಲ್ವರಾಜನಿಗೆ ಇಬ್ಬರು ತಾಯಂದಿರು ಎಂಬುದು ನವನೀತನಿಗೆ ಗೊತ್ತಿರಲಿಲ್ಲ. ಫ್ಲ್ಯಾಟಿನಲ್ಲಿ ಕಾಯುತ್ತಿದ್ದ ಅತ್ತೆಗೆ ಫೋನ್ ಮಾಡಿ, ಸೆಲ್ವರಾಜನ ಮನೆಯಲ್ಲಿ ಸಾವಾಗಿದೆ, ಬೀಗದ ಕೈಗಾಗಿ ಬೇತಮಂಗಲದ ಮಗಳ ಮನೆಗೆ ಹೋಗಬೇಕು ಎಂದ.

"ಅಯ್ಯೋ ಪಾಪವೇ! ಅಂಗಾದ್ರೆ ನಾವೂ..." ಎಂದರು ಅತ್ತೆ. ಅಷ್ಟರಲ್ಲಿ ಫೋನು ಕಣ್ಣು ಮುಚ್ಚಿತು. ಟೆಂಪೋದವನ ಫೋನಿತ್ತು ನಿಜ. ಆದರೆ ಹೆಂಡತಿಯ ನಂಬರು ನವನೀತನ ಫೋನಿಗೆ ಗೊತ್ತಿತ್ತೇ ಹೊರತು ನವನೀತನಿಗಲ್ಲ.

"ಸಾವಿನ ಮನೆಗೆ ಹೋದ ತಕ್ಷಣ ಕೀ ಕೇಳೋದು ಹೇಗೆ?" ಎಂದು ದಾರಿಯಲ್ಲಿ ಒದ್ದಾಡಿದ.

"ಮೊದ್ಲು ಅಳಿ ಸಾರ್, ಆಮ್ಯಾಕೆ ಕೇಳಿ," ಎಂದ ಟೆಂಪೋದ ಮುನಿನಾರಾಯಣಪ್ಪ. "ಬರಿಗೈಲಿ ಮಾತ್ರ ಓಗ್ಬ್ಯಾಡಿ." ಅವನೇ ಗಾಡಿ ನಿಲ್ಲಿಸಿ, ಟೆಂಪೋದ ಚಕ್ರದಷ್ಟು ದಪ್ಪದ ಗುಲಾಬಿ ಹಾರ ಕೊಡಿಸಿದ.

ಬೇತಮಂಗಲದಲ್ಲಿ ಸೆಲ್ವರಾಜ್ ಮಗಳ ಮನೆಯ ಜಗುಲಿಯಲ್ಲಿ ಕಾಫಿ ಕುಡಿಯುತ್ತ ನಗುತ್ತಿದ್ದ. ದುಃಖಕ್ಕೆ ಬುದ್ಧಿ ಕೆಟ್ಟಿದೆ ಎಂದುಕೊಂಡ ನವನೀತ, ಹಾರ ಹಿಡಿದು ತಲೆತಗ್ಗಿಸಿ ನಿಂತ.

"ತಾಯಿ ಹೋದ ದುಃಖ ನನಗೆ ಅರ್ಥ ಆಗುತ್ತೆ ಸೆಲ್ವರಾಜ್..."

"ತಾಯಿನಾ? ಅವ್ರು ಹೋಗಿ ಇಪ್ಪತ್ತು ವರ್ಷ ಆಯ್ತೇ ಸಾರ್!"

"ಮತ್ತೆ... ಸಾವಿಗೆ ಬಂದಿದ್ದು?"

"ಆಮಾ ಸಾರ್, ಸಾವಿಗೇ!" ಸೆಲ್ವರಾಜ್ ಜೇಬಿನಿಂದ ತುಕ್ಕು ಹಿಡಿದ ಬೀಗದ ಕೈ ತೆಗೆದು ಕುಣಿಸಿದ. "ಇದೇ ಸಾವಿ. ಒಂದು ಕಳ್ದೋಯ್ತು, ಇನ್ನೊಂದು ಇಲ್ಲಿತ್ತು. ಇದಕ್ಕೆ ತಮಿಳಲ್ಲಿ ಸಾವಿ ಅಂತಾರೆ ಸಾರ್." ಆಮೇಲೆ ಹಾರ ನೋಡಿ ಅವನ ಕಣ್ಣು ತುಂಬಿತು. "ಒಂದು ರೂಮ್ ಕೊಟ್ಟಿದ್ದಕ್ಕೆ ಮಾಲೆಯೆಲ್ಲ ಯಾತಕ್ಕೆ ಸಾರ್!" ಎನ್ನುತ್ತ ಕೊರಳು ಬಾಗಿಸಿಯೇಬಿಟ್ಟ.

ಬಾಗಿದ ಕೊರಳಿಗೆ ನಿಜ ಹೇಳುವುದು ನವನೀತನಿಂದ ಆಗಲಿಲ್ಲ. ಹಾರ ಹಾಕಿದ.

ಆ ಹಾರದಲ್ಲೇ ಸೆಲ್ವರಾಜ್ ಟೆಂಪೋ ಹತ್ತಿದ, ಆ ಹಾರದಲ್ಲೇ ಸಾಮಾನು ಹೊತ್ತ. ದೇವರ ಪಟವನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡು ಬಂಗಾರಪೇಟೆಗೆ ಬಂದ. ಹನ್ನೆರಡಕ್ಕೆ ಇನ್ನೂ ಐದು ನಿಮಿಷ ಇತ್ತು. ನವನೀತ ಒಲೆ ಎತ್ತಿಕೊಂಡು ಮೆಟ್ಟಿಲು ಹಾರಿದ.

ಬಾಗಿಲಿಗೆ ಬೀಗ.

"ಅಮ್ಮಾವ್ರು, ಮೇಡಮ್ಮು ಇಬ್ರೂ ಆಟೋದಲ್ಲಿ ಬೇತಮಂಗಲಕ್ಕೆ ಓದ್ರು ಸಾರ್," ಎಂದ ವಾಚ್‌ಮನ್ ಕುಪ್ಪುಸ್ವಾಮಿ. "ಸಾವಿಗೆ."

ನವನೀತ ಈಗ ಬುದ್ಧಿವಂತನಾಗಿದ್ದ. "ಸಾವಿ ಅಂದ್ರೆ ಬೀಗದ ಕೈ ಅಲ್ವಾ? ಅದನ್ನು ಆಗಲೇ ತಂದಾಯ್ತಲ್ಲಪ್ಪ!"

"ಆ ಸಾವಿ ಅಲ್ಲ ಸಾರ್, ನಿಜವಾದ ಸಾವು. ಆರಾನೂ ತಗಂಡೋದ್ರು. 'ನಮ್ ಸಾಮಾನು ಕಾದೋರ ಮನೇಲಿ ಸಾವಾಗಿರೋವಾಗ ನಾವು ಆಲುಕ್ಕಿಸ್ತಾ ಕೂತ್ಕಂಡ್ರೆ ದೇವ್ರು ಮೆಚ್ತಾನಾ' ಅಂದ್ರು ಅಮ್ಮಾವ್ರು."

"ಮನೆ ಕೀ?"

"ಸೆರಗಲ್ಲಿ ಗಂಟು ಆಕಂಡವ್ರಲ್ಲಾ."

ಎಲ್ಲೋ ಒಂದು ಗಡಿಯಾರ ಹನ್ನೆರಡು ಹೊಡೆಯಿತು. ನವನೀತ ಒಲೆಯ ಮೇಲೇ ಕುಳಿತುಬಿಟ್ಟ. ಸೆಲ್ವರಾಜ್ ತನ್ನ ಹಾರ ತೆಗೆದು ಮೆಲ್ಲಗೆ ಅವನ ಕೊರಳಿಗೆ ಹಾಕಿ, ಬೆನ್ನು ಸವರಿದ.

"ಬೇಜಾರ್ ಬೇಡ ಸಾರ್. ಇನ್ನು ಮೂರು ತಿಂಗ್ಳು ಸಾಮಾನು ನಮ್ಮತ್ರಾನೇ ಇರ್ಲಿ. ಈ ಸಲ ನಿಮ್ಗೂ ಒಂದು ಸಾವಿ ಕೊಟ್ಬುಡ್ತೀನಿ!"